ನೆಲ ಮುಟ್ಟುವ ಕೈ

ಜುಲೈ ೯, ಗುರುವಾರ

ಬಚ್ಚಲಿನ ತೂಬು ಸಂಜೆಯಿಂದ ಗೊಳಗೊಳ ಅನ್ನುತ್ತಿತ್ತು. ಮಳೆ ನಿಂತಿಲ್ಲ, ಸಮುದ್ರವೂ ಉಬ್ಬರದಲ್ಲಿದೆ. ಚರಂಡಿ ನೀರಿಗೆ ಹೋಗಲು ದಾರಿಯಿಲ್ಲ. ಹೋದ ಮಳೆಗಾಲದಲ್ಲಿ ಇವರು ಬಾಗಿಲಿಗೆ ಮರಳು ಚೀಲ ಒಟ್ಟಿ ಎದೆಯುಬ್ಬಿಸಿ ನಿಂತಿದ್ದರು. ನೀರು ಬಂದದ್ದು ಬೆನ್ನ ಹಿಂದಿನ ಈ ತೂಬಿನಿಂದ. ಬಾಗಿಲಲ್ಲಿ ಚೀಲಗಳಿದ್ದವಲ್ಲ, ಬಂದ ನೀರು ಹೊರಗೂ ಹೋಗಲಿಲ್ಲ. ನಾನು ಹೊಲಿಯಲು ಕತ್ತರಿಸಿಟ್ಟ ಯೂನಿಫಾರಂ ಬಟ್ಟೆಯೆಲ್ಲ ಕೊಳಚೆಯಲ್ಲಿ ತೇಲಿತು.

ಈ ಸಲ ಚೀಲ ತೂಬಿನ ಮೇಲಿದೆ, ಬಟ್ಟೆ ಬೀರುವಿನ ಮೇಲಿದೆ. ಹೊಲಿಗೆ ಮಷಿನ್ ಎತ್ತಲು ನನ್ನೊಬ್ಬಳಿಂದ ಆಗಲಿಲ್ಲ. ಇವರಿಗೆ ಬಂದರಿನಲ್ಲಿ ರಾತ್ರಿ ಪಾಳಿ. ಫೋನ್ ಮಾಡಿ, "ಏನೂ ಆಗಲ್ಲ, ಮಲಕ್ಕೋ" ಅಂದರು. ಕ್ರೇನಿನ ಮೇಲೆ ಕೂತವರಿಗೆ ಹಾಗನ್ನುವುದು ಸುಲಭ.

ಮಹಡಿ ಮನೆಯವರು ಕರೆದರೂ ಅತ್ತೆ ಹೋಗಲಿಲ್ಲ. ಹೋದ ವರ್ಷದಿಂದ ಮಳೆ ಹಿಡಿದರೆ ಅವರು ಮಂಚದಿಂದ ಒಂದು ಕೈ ಇಳಿಬಿಟ್ಟು, ಬೆರಳು ನೆಲಕ್ಕೆ ತಾಗಿಸಿಯೇ ಮಲಗುವುದು. "ನೀರು ಬಂದ್ರೆ ಮೊದ್ಲು ನಂಗೇ ಗೊತ್ತಾಗತ್ತೆ. ನೀನು ಸುಮ್ನೆ ಮಲಗಮ್ಮ, ನಿನ್ನ ಮುಖ ನೋಡಿದ್ರೆ ಆಗ್ಲೇ ಮುಳುಗಿದ ಹಾಗಿದೆ" ಅಂದರು. ನಗು ಬಂತು. ಆ ಕೈಯನ್ನು ನಂಬಿ ಕಣ್ಣು ಮುಚ್ಚಿದೆ.

ಎಚ್ಚರವಾದಾಗ ತೂಬಿನ ಸದ್ದು ನಿಂತಿತ್ತು. ನೀರು ಇಳಿಯಿತೋ, ತೂಬು ತುಂಬಿತೋ ತಿಳಿಯಲಿಲ್ಲ. ದೀಪ ಹಾಕಿದೆ. ಅತ್ತೆ ಗೋಡೆ ಕಡೆ ಹೊರಳಿ ಗೊರಕೆ ಹೊಡೆಯುತ್ತಿದ್ದಾರೆ. ಎರಡೂ ಕೈ ಹೊದಿಕೆಯೊಳಗೆ. ಎಬ್ಬಿಸಲು ಮನಸ್ಸಾಗಲಿಲ್ಲ. ಎಷ್ಟು ದಿನದ ನಿದ್ದೆಯೋ, ಪಾಪ.

ಅದಕ್ಕೇ ಬರಿಗಾಲು ನೆಲಕ್ಕೂರಿ ಕೂತು ಬರೆಯುತ್ತಿದ್ದೇನೆ. ನೆಲ ತಣ್ಣಗಿದೆ. ಬಗ್ಗಿ ನೋಡಲು ಧೈರ್ಯವಿಲ್ಲ. ಬರೀ ತಣ್ಣಗೋ, ಒದ್ದೆಯೋ, ಈ ಕಾಲಿಗೆ ಗೊತ್ತಾಗುತ್ತಿಲ್ಲ.