ಅಂಬಿಯ ತಲೆಯೊಳಗಿನ ಸಣ್ಣ ಗುಳ್ಳೆಗಳು

ನನ್ನ ಒಂದು ಮಾತನ್ನೂ ನಂಬದೆ ಹೋದ ಅಕ್ಕನಿಗೆ,

ಈಗಷ್ಟೇ ನಿನ್ನ ಮಗಳನ್ನು ಒಳಗೆ ಕರೆದುಕೊಂಡು ಹೋದರು. ತಲೆಯ ಆಪರೇಷನ್. ಗಾಬರಿಯಾಗಬೇಡ ಎಂದು ಬರೆಯಲು ಹೊರಟೆ, ಆದರೆ ಗಾಬರಿಯಾಗಿರುವವನು ನಾನು. ನಿನಗೇನು, ನೀನು ಎಲ್ಲದರ ಆಚೆ ಹೋಗಿ ಕೂತವಳು. ಬಾಗಿಲ ಹತ್ತಿರ ಅಂಬಿ ತಲೆ ತಿರುಗಿಸಿ, "ಮಾಮಾ, ಹೊರಗ ಕುಂತು ಮಂದಿಗೆ ಇಲ್ಲದ್ದೆಲ್ಲಾ ಹೇಳಬ್ಯಾಡ" ಅಂದಳು. ಪಕ್ಕದ ಕುರ್ಚಿಯವನು ತೆಲುಗಿನಲ್ಲಿ ಮಾತಿಗೆ ಎಳೆದ, ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಹೈದರಾಬಾದಿಗೆ ಬಂದು ಇಷ್ಟು ವರ್ಷದಲ್ಲಿ ಈ ಶರಣಪ್ಪ ಯಾರ ಮುಂದಾದರೂ ಸುಮ್ಮನೆ ಕೂತಿದ್ದುಂಟೇ? ನೀನು ಇದನ್ನೂ ನಂಬುವುದಿಲ್ಲ. ನನ್ನದು ಊರ ಶಾಲೆಯ ಅಕ್ಷರ. ಸುಧಾರಿಸಿಕೊಂಡು ಓದು.

ಅಂಬಿ ಚಿಕ್ಕವಳಿದ್ದಾಗ ಊಟದ ನಡುವೆ ತುತ್ತು ಕೈಯಲ್ಲೇ ಹಿಡಿದು ಮಂಕಾಗಿ ಕೂತುಬಿಡುತ್ತಿದ್ದಳಲ್ಲ, ನೆನಪಿದೆಯೇ? ನೀನು ಹೆಗಲು ಹಿಡಿದು ಅಲ್ಲಾಡಿಸುತ್ತಿದ್ದೆ. "ತೊಟ್ಟಿಲದಾಗಿಂದ ಬಿದ್ದಾಗ ತಲಿಗೆ ಪೆಟ್ಟಾಗೇತಿ. ಹಗ್ಗಾ ನಾನ ಸಡ್ಲ ಕಟ್ಟಿದ್ದೆ" ಎಂದು ನನ್ನ ಹತ್ತಿರ ಮಾತ್ರ ಹೇಳಿಕೊಂಡು ಅಳುತ್ತಿದ್ದೆ. ದೊಡ್ಡವಳಾದಂತೆ ಅದು ನಿಂತೇಹೋಯಿತು ಎಂದುಕೊಂಡೆವು. ನೀನು ಕಣ್ಣು ಮುಚ್ಚಿದ ಮೇಲೆ ಅವಳು ಕೊಂಡಾಪುರದಲ್ಲಿ ನನ್ನ ಖಾನಾವಳಿಯ ಮೇಲಿನ ಕೋಣೆಗೆ ಬಂದಳು. ಮಾದಾಪುರದ ಕನ್ನಡಕದ ಅಂಗಡಿಯಲ್ಲಿ ಕೆಲಸ, ಓಡಾಡಲು ಸ್ಕೂಟಿ. ನಮ್ಮ ಅಕ್ಕನ ಮಗಳು ಕಣ್ಣಿನ ಡಾಕ್ಟರು ಎಂದು ರೊಟ್ಟಿ ಊಟಕ್ಕೆ ಬರುವ ಯಾದಗಿರಿ ಕಡೆಯ ಕಟ್ಟಡ ಕೆಲಸದ ಗೌಂಡಿಗಳಿಗೆಲ್ಲ ಹೇಳಿಬಿಟ್ಟಿದ್ದೆ. ಪಾಪ, ಒಬ್ಬ ಕಣ್ಣು ತೋರಿಸಿಕೊಳ್ಳಲು ಬಂದೂಬಿಟ್ಟ.

ಒಂದು ಭಾನುವಾರ ಮಧ್ಯಾಹ್ನ ಅವಳು ನನಗೆ ಬಡಿಸುತ್ತಿದ್ದಳು. ಸೌಟು ಹಿಡಿದ ಬಲಗೈ ಸೊಟ್ಟಗೆ ತಿರುಗಿ ಕಟ್ಟಿಗೆಯ ಹಾಗೆ ಬಿಗಿದು ನಿಂತಿತು. ಬಿಸಿ ಸಾರು ನನ್ನ ತೊಡೆಯ ಮೇಲೆ ಸುರಿಯಿತು, ಅವಳಿಗೆ ಗೊತ್ತೇ ಇಲ್ಲ. ಬಾಯಿ ಏನನ್ನೋ ಚಪ್ಪರಿಸುತ್ತಿತ್ತು, ಎಡಗೈ ದುಪಟ್ಟಾದ ಅಂಚನ್ನು ಮುಳ್ಳು ಹೆಕ್ಕಿದಂತೆ ಹೆಕ್ಕುತ್ತಿತ್ತು. ಕಣ್ಣು ತೆರೆದಿತ್ತು, ಆದರೆ ಆ ಕಣ್ಣಿನೊಳಗೆ ಅಂಬಿ ಇರಲಿಲ್ಲ ಅಕ್ಕ. ನಾನು ಕೂಗಿದೆ, ಎದ್ದು ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ತಾನಾಗಿ ತಿರುಗಿ ನೋಡಿ, "ಏನ್ ಹಂಗ ನೋಡಾಕತ್ತಿ? ಮೈಮ್ಯಾಗ ಸಾರ್ಯಾಕ ಚೆಲ್ಲಿಕೊಂಡಿ?" ಅಂದಳು. ನಾನು ಕಂಡದ್ದನ್ನೆಲ್ಲ ಹೇಳಿದೆ. "ಒಂದ್ ಗಳಿಗಿ ಸುಟ್ಟ ವಾಸನಿ ಬಂತು, ಹೊಟ್ಟ್ಯಾಗ ಏನೋ ಮ್ಯಾಲಕ್ಕ ಎದ್ದಂಗಾತು, ಅಷ್ಟ. ನಿನ್ನ ಮಾತು ಬಿಡು, ಒಂದಕ್ಕ ಹತ್ತು ಹಚ್ಚಾಂವ" ಎಂದು ನಕ್ಕಳು. ನಿಜ ಹೇಳುವವನ ಮುಖ ಹೇಗಿರಬೇಕು ಎಂಬುದೇ ನನಗೆ ಅವತ್ತು ತಿಳಿಯದೆ ಹೋಯಿತು.

ಮೊದಲ ಸ್ಕ್ಯಾನಿಗೆ ಅವಳನ್ನು ಕರೆದೊಯ್ದದ್ದು ಜಗಳವಾಡಿಯೇ. ಆ ಯಂತ್ರದ ಬಡಿತ ಬಾಗಿಲಾಚೆಗೂ ಕೇಳುತ್ತಿತ್ತು, ನನ್ನ ಎದೆಯದೋ ಅದರದೋ ಎಂದು ಗೊತ್ತಾಗದಷ್ಟು. ನಾರ್ಮಲ್ ಎಂದು ಬಂತು. "ನಮ್ಮ ಮನಿತನದ ತಲಿಗೆ ಏನಾಗ್ತೈತಿ?" ಎಂದು ಊಟಕ್ಕೆ ಬಂದವರಿಗೆಲ್ಲ ಜಿಲೇಬಿ ಹಂಚಿದೆ. ಕೆಲವೇ ವಾರದಲ್ಲಿ ಅವಳು ಸ್ಕೂಟಿ ಸಮೇತ ನಿಂತ ಆಟೋಗೆ ಗುದ್ದಿದಳು. ಮೊಣಕೈ ತರಚಿತ್ತು, ತಪ್ಪನ್ನು ರಸ್ತೆಯ ಮರಳಿನ ಮೇಲೆ ಹಾಕಿದಳು. ಆಟೋದವನು ನನ್ನನ್ನು ಪಕ್ಕಕ್ಕೆ ಕರೆದು, "ಚಾಚಾ, ಲಡ್ಕಿ ಮೇರೆಕುಚ್ ದೇಖ್ರೀ ಥೀ" ಅಂದ. ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತ ನೇರ ಬಂದಳಂತೆ. ಆಟೋದ ಜಾಗದಲ್ಲಿ ಲಾರಿ ಇದ್ದಿದ್ದರೆ... ಸ್ಕೂಟಿಯ ಕೀಲಿಯನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ. ನನ್ನ ಬೆಳ್ಳಗಾದ ಕೈ ನೋಡಿಯೇ ಅವಳು ಕಂಡುಹಿಡಿದಳು.

ಹೆಡ್‌ಮಾಸ್ತರರು ನಶ್ಯ ಏರಿಸುವುದನ್ನು ಚಿಕ್ಕವನಿದ್ದಾಗ ನಾನು ಆಡಿ ತೋರಿಸಿದಾಗಲೆಲ್ಲ ನೀನು ತೊಡೆ ಚಿವುಟುತ್ತಿದ್ದೆ. "ಮಂದೀನ ಅಣಗಿಸಿ ಅಣಗಿಸಿ ನಿನ್ ಮಾರಿ ಒಂದಿನ ಹಂಗ ನಿಂತುಬಿಡ್ತೈತಿ" ಎನ್ನುತ್ತಿದ್ದೆ. ಆಟೋಗೆ ಗುದ್ದಿದ ಮೇಲೆ ಅಂಬಿಯನ್ನು ಹಟ ಹಿಡಿದು ಇಲ್ಲಿಗೆ ಕರೆತಂದೆ. ಈ ಆಸ್ಪತ್ರೆಯ ನರದ ಡಾಕ್ಟರಮ್ಮ ಬಳ್ಳಾರಿಯಲ್ಲಿ ಓದಿದವರು, ಕನ್ನಡ ಬರುತ್ತದೆ. ಹಾಗೆ ಆದಾಗ ನೋಡಿದವರು ಯಾರು, ಫೋನಿನಲ್ಲಿ ವಿಡಿಯೋ ಇದೆಯೇ ಎಂದು ಕೇಳಿದರು. ಇರಲಿಲ್ಲ. ನಾನು ಬಾಯಿ ತೆರೆದೆ. "ಮೇಡಂ, ಇವರು ಭಾಳ ಹೆಚ್ಚಿಗಿ ಮಾಡಿ ಹೇಳ್ತಾರ್ರಿ" ಎಂದು ಅಂಬಿ ಅಡ್ಡಬಂದಳು. "ಹಂಗಾರ ಹೇಳಬ್ಯಾಡ್ರಿ, ಮಾಡಿ ತೋರಿಸ್ರಿ" ಅಂದರು ಡಾಕ್ಟರು. ನಾನು ಎದ್ದು ನಿಂತೆ. ಬಲಗೈ ತಿರುಚಿ ಬಿಗಿದೆ, ತುಟಿ ಚಪ್ಪರಿಸಿದೆ, ಎಡಗೈಯಿಂದ ಅಂಗಿಯ ತುದಿ ಹೆಕ್ಕಿದೆ, ಕಣ್ಣನ್ನು ಖಾಲಿ ಮಾಡಿಕೊಂಡು ಗೋಡೆಗೆ ನೆಟ್ಟೆ. ಒಂದಿಷ್ಟೂ ಹೆಚ್ಚಿಗೆ ಮಾಡಲಿಲ್ಲ. ಡಾಕ್ಟರು ಬಲಗೈಯನ್ನು ಇನ್ನೊಮ್ಮೆ ಮಾಡಿಸಿದರು. ಮುಗಿಸಿ ತಿರುಗಿದರೆ ಅಂಬಿಯ ಮುಖದಲ್ಲಿ ರಕ್ತವಿರಲಿಲ್ಲ. ತನಗೆ ಏನಾಗುತ್ತದೆ ಎಂಬುದನ್ನು ಅವಳು ಯಾವತ್ತು ನೋಡಿದ್ದಳು ಹೇಳು? "ನಾ ಹಿಂಗ್ ಆಗ್ತೀನೇನು ಮಾಮಾ?" ಅಂದಳು, ಸಣ್ಣ ದನಿಯಲ್ಲಿ. ಲಿಫ್ಟಿನಲ್ಲಿ ಇಳಿಯುವಾಗ ಸ್ಕೂಟಿಯ ಕೀಲಿಯನ್ನು ತಾನೇ ನನ್ನ ಕಿಸೆಗೆ ಹಾಕಿದಳು.

ಎರಡನೇ ಸ್ಕ್ಯಾನಿಗೆ ಹೋದಾಗ ಅವಳು ಜಗಳವಾಡಲಿಲ್ಲ, ನನಗೆ ಅದೇ ಹೆದರಿಕೆಯಾಯಿತು. ಬಲಗೈ ಬಿಗಿಯುವುದರಿಂದ ಮಿದುಳಿನ ಎಡಭಾಗದ ಮೇಲೆ ಅನುಮಾನ, ಅಲ್ಲಿ ತೆಳ್ಳಗೆ ಪದರ ಪದರವಾಗಿ ಚಿತ್ರ ತೆಗೆಯಬೇಕು ಎಂದಿದ್ದರು ಡಾಕ್ಟರು. ಮೊದಲಿನದರಲ್ಲಿ ಪದರಗಳು ದಪ್ಪವಂತೆ. ನನಗೆ ತಕ್ಷಣ ಅರ್ಥವಾಯಿತು. ಬದನೆಕಾಯಿಯನ್ನು ದಪ್ಪ ಹೋಳು ಮಾಡಿದರೆ ಹುಳ ಹೋಳಿನೊಳಗೇ ಉಳಿದು ಪಲ್ಯಕ್ಕೆ ಬರುತ್ತದಲ್ಲ, ಹಾಗೆ. ಈ ಸಲ ಸಿಕ್ಕಿತು. ಎಡಗಿವಿಯ ನೇರಕ್ಕೆ ಒಳಗೆ, ಮಿದುಳಿನ ಹೊರಸಿಪ್ಪೆಯಲ್ಲೇ, ಬೆಳ್ಳಗೆ ಒಂದು ಸಣ್ಣ ಗಡ್ಡೆ. ಸಾಬೂನಿನ ನೊರೆಯ ಹಾಗೆ ಗುಳ್ಳೆ ಗುಳ್ಳೆ. ಪಕ್ಕದಲ್ಲಿ ಸುಣ್ಣದ ಚುಕ್ಕೆಯಂಥದ್ದೊಂದು. ಪರದೆಯ ಮೇಲೆ ಅದು ಅಲುಗಾಡುತ್ತಿರಲಿಲ್ಲ, ಆದರೂ ನನ್ನನ್ನೇ ನೋಡುತ್ತಿದೆ ಅನಿಸಿತು.

"ಕ್ಯಾನ್ಸರ್ ಏನ್ರಿ?" ಎಂದು ಕೇಳಿದ್ದು ಅಂಬಿ. ಆ ಶಬ್ದ ನನ್ನ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. "ಸುತ್ತ ಬಾವು ಇಲ್ಲ ನೋಡ್ರಿ. ಬಾಜೂಕಿನ ಮಿದುಳನ್ನ ಒತ್ತಿಲ್ಲ. ಮ್ಯಾಲಿನ ಎಲುಬು ಒಳಗಿಂದ ಸ್ವಲ್ಪ ಸವೆದೈತಿ, ಅಂದ್ರ ಭಾಳ ವರ್ಷದಿಂದ ಇಲ್ಲೇ ಕುಂತೈತಿ. ಇವೆಲ್ಲಾ ಸಾವಕಾಶ ಬೆಳೆಯೋ ಜಾತಿ ಲಕ್ಷಣ. ಅಪರೂಪದ್ದು. ಆದ್ರ ತೆಗೆದು ಮೈಕ್ರೋಸ್ಕೋಪಿನಾಗ ನೋಡೋತನಕ ನಾ ಖಾತ್ರಿ ಹೇಳಂಗಿಲ್ಲ." ಆ ಕಡೆಯ ಮಾತೊಂದೇ ನನ್ನ ಕಿವಿಯಲ್ಲಿ ಉಳಿಯಿತು. ಏಳುವ ಮೊದಲು ತೊಟ್ಟಿಲಿನ ವಿಷಯ ಕೇಳಿದೆ. "ಬಿದ್ದದ್ದಕ್ಕ ಇದು ಬರಂಗಿಲ್ರಿ. ಯಾರ ತಪ್ಪೂ ಅಲ್ಲ" ಅಂದರು. ಕೇಳಿಸಿತೇ ಅಕ್ಕ? ಆ ಹಗ್ಗವನ್ನು ನೀನು ಎಷ್ಟು ವರ್ಷ ಎದೆಯ ಮೇಲೆ ಹೊತ್ತುಕೊಂಡೆ, ಈ ಒಂದು ಮಾತು ಹೇಳಲು ನಿನ್ನನ್ನು ಎಲ್ಲಿ ಹುಡುಕಲಿ...

ಫಿಟ್ಸಿನ ಗುಳಿಗೆಗಳಿಗೆ ಅದು ಬಗ್ಗಲಿಲ್ಲ. ಒಂದನ್ನು ಬದಲಿಸಿದರು, ಇನ್ನೊಂದನ್ನು ಸೇರಿಸಿದರು. ಸ್ನಾನದ ಮನೆಯಲ್ಲಿ ಒಮ್ಮೆ ಬಂತು, ಮೆಟ್ಟಿಲ ಮೇಲೆ ಒಮ್ಮೆ. ಗಡ್ಡೆ ತೆಗೆದರೆ ನಿಲ್ಲುವ ಸಂಭವ ಚೆನ್ನಾಗಿದೆ ಅಂದರು. ಆದರೆ ಅದು ಕೂತಿರುವುದು ಹೆಸರುಗಳನ್ನು ಹುಡುಕಿಕೊಡುವ ಜಾಗದ ಪಕ್ಕದಲ್ಲೇ ಅಂತೆ. ಎಚ್ಚರವಾದ ಮೇಲೆ ಸ್ವಲ್ಪ ದಿನ ಹೆಸರುಗಳು ಬಾಯಿಗೆ ಬರದಿರಬಹುದು, ಕೆಲವರಿಗೆ ಪೂರಾ ತಿರುಗಿ ಬರದಿರಲೂಬಹುದು. ಅಂಬಿ ಕೇಳಿಸಿಕೊಂಡು, ತಾನೇ ಸಹಿ ಹಾಕಿದಳು. ಅವಳನ್ನು ನಂಬಿಸಿದವನು ನಾನೇ ಅಲ್ಲವೇ? ಅವಳು ಪೆನ್ನು ಹಿಡಿದಾಗ, ಈ ಮಾಮ ಸುಳ್ಳುಗಾರ ಎಂದು ಇನ್ನೊಂದು ಸಲ ನಕ್ಕು ಎದ್ದು ಬರಬಾರದೇ ಅನಿಸಿತು. ಅಷ್ಟು ಹೆದರಿದ್ದೆ.

ಇವತ್ತು ಬೆಳಿಗ್ಗೆ ಕಿವಿಯ ಮೇಲಿನ ಕೂದಲು ಬೋಳಿಸಿದ ಮೇಲೆ ಅವಳು ನನ್ನನ್ನು ಹತ್ತಿರ ಕೂರಿಸಿಕೊಂಡಳು. "ಎಚ್ಚರಾದಾಗ ನಂಗ ನಿನ್ನ ಹೆಸರು ಬರಲಿಕ್ಕಿಲ್ಲ. 'ನಾ ಯಾರು ಹೇಳು ನೋಡೂಣು' ಅಂತ ಆಟಾ ಆಡಬ್ಯಾಡ ಮಾಮಾ. ನನಗ ಅಂಜಿಕಿ ಬರ್ತೈತಿ. ನೀ ಯಾರಂತ ನೀನ ಹೇಳಿಬಿಡು."

"ಏನಂತ ಹೇಳ್ಲಿ?"

"ಹೆಸರು. ನಂಗ ನೀ ಏನಾಗಬೇಕು ಅನ್ನೂದು. ಅದರ ಮ್ಯಾಲ ಒಂದ್ ಅಕ್ಷರ ಬ್ಯಾಡ."

ಅಕ್ಕ, ಇಲ್ಲಿ ಕೂತು ಅಷ್ಟನ್ನೇ ಬಾಯಲ್ಲಿ ಆಡಿಸಿ ನೋಡುತ್ತಿದ್ದೇನೆ. ಕೊಂಡಾಪುರದಾಗ ನನ್ನ ರೊಟ್ಟಿ ತಿನ್ನದವರೇ ಇಲ್ಲ ಎಂಬುದು ನಾಲಗೆಯ ತುದಿಗೆ ಬರುತ್ತದೆ, ನುಂಗುತ್ತೇನೆ. ಬಾಗಿಲು ಇನ್ನೂ ತೆರೆದಿಲ್ಲ. ತೆರೆದಾಗ ಅವಳು ನನ್ನ ಮುಖ ನೋಡಿ ಯಾರು ಎಂದು ಕೇಳಿದರೂ, ನಾಳೆ ಮತ್ತೆ ಕೇಳಿದರೂ, ದಿನಾ ಕೇಳುತ್ತಲೇ ಇದ್ದರೂ, ಅಳದೆ, ಬೇಸರಿಸದೆ ಇಷ್ಟನ್ನೇ ಹೇಳುತ್ತೇನೆ, ನಿನ್ನಾಣೆ: ನಾ ಶರಣಪ್ಪ. ನಿಮ್ಮವ್ವನ ತಮ್ಮ.