ಅನುವಾದಿಸದೆ ಬಿಟ್ಟ ಮಾತು

ಚಿಕ್ಕಮ್ಮಾ,

ಎರಡು ಸರ್ಕಾರಗಳು ಮಾತು ಬಿಟ್ಟಿರುವಾಗ ನಿವೃತ್ತ ರಾಯಭಾರಿಗಳಾದ ನೀವೆಲ್ಲ ಖಾಸಗಿಯಾಗಿ ಕೂತು ಡಿಜಿಟಲ್ ವ್ಯಾಪಾರದ ಜಗಳ ಬಿಡಿಸುತ್ತಿದ್ದೀರಿ. ಒಳ್ಳೆಯದೇ. ಆದರೆ ಇವತ್ತು ನೀವು ನನ್ನಿಂದ ಮಾಡಿಸಿದ್ದು ದ್ರೋಹ.

ಕೆಟ್ಟ ಚಿತ್ರ ಗುರುತಿಸಲು ಕಂಪ್ಯೂಟರ್‌ಗಳಿಗೆ ಕಲಿಸುವುದಕ್ಕಾಗಿ ಚಿತ್ರ ವಿಂಗಡಿಸುವ ಕೆಲಸದ, ನೀವೇ ಸಭೆಗೆ ಕರೆಸಿದ್ದ ನಮ್ಮ ಕಡೆಯ ಹೆಂಗಸು ಎದ್ದು ನಿಂತು, "ದಿನಾ ಹೆಣದ ಚಿತ್ರ ನೋಡಿ ನೋಡಿ ನಮಗೆ ನಿದ್ದೆ ಬರಲ್ಲ. ಅದಕ್ಕೇನು ಮಾಡ್ತೀರಿ?" ಎಂದು ಎರಡೂ ಕಡೆಯವರನ್ನು ಕೇಳಿದಳು.

ನೀವು ದುಭಾಷಿಯಾದ ನನ್ನ ಕಿವಿಯಲ್ಲಿ, "ಅದನ್ನ ನುಂಗ್ಕೋ ಪುಟ್ಟಿ, ಕಷ್ಟಪಟ್ಟು ಒಮ್ಮತಕ್ಕೆ ಬಂದಿದೀವಿ" ಅಂದಿರಿ.

ನಾನು, "ಕರೆದದ್ದಕ್ಕೆ ವಂದನೆ ಹೇಳುತ್ತಿದ್ದಾರೆ" ಎಂದು ಅನುವಾದಿಸಿದೆ. ಆ ಕಡೆಯವರು ಚಪ್ಪಾಳೆ ತಟ್ಟಿದರು. ತನ್ನ ಮಾತು ತಲುಪಿತೆಂದು ನಂಬಿ ಅವಳು ಅತ್ತುಬಿಟ್ಟಳು.

ನಾಳೆ ಬೆಳಗ್ಗೆ ಮೊದಲು ಅವಳ ಪ್ರಶ್ನೆಯನ್ನೇ ಅನುವಾದಿಸುತ್ತೇನೆ. ಬೇಡವೆನಿಸಿದರೆ ಬೇರೆ ದುಭಾಷಿಯನ್ನು ಕರೆಸಿಕೊಳ್ಳಿ. ಆಗ, ಆ ಚಪ್ಪಾಳೆ ಯಾವುದಕ್ಕೆಂದು ಅವಳಿಗೆ ನೀವೇ ಹೇಳಬೇಕು.

ನಿಮ್ಮ ಅಕ್ಕನ ಮಗಳು