ಸೀಟು ಎರಡು ಬೆರಳು ಕೆಳಗೆ

ಜೂನ್ 3, ಬೆಳಿಗ್ಗೆ 6.40
ನಿನ್ನೆ ಸೈಕಲ್, ಇವತ್ತು ವೇಟ್ಸ್. ಮಿಲ್ಲಿನ ಡ್ಯೂಟಿಗೆ ಮೊದಲು ಸಿಗುವುದು ಒಂದೇ ತಾಸು, ಎರಡನ್ನೂ ಅದರಲ್ಲೇ ಹೊಂದಿಸಬೇಕು. ಸಿಮೆಂಟ್ ತುಂಬಿದ ಡಬ್ಬಿಗಳ ರಾಡ್ ಹೆಗಲಿಗೇರಿಸಿ ಬೈಠಕ್ ಹೊಡೆದೆ. ಸುಸ್ತಾಗಿ ರಾಡನ್ನು ಅಂಗಳದಲ್ಲೇ ಇಳಿಸಿ ಕೂತೆ. ಆಮೇಲೆ ದಾನೇಶ್ವರಿ ಅಂಗಳ ಗುಡಿಸಲು ಬಂದವಳು ಅದೇ ರಾಡ್ ಎತ್ತಿ ಬಾಜು ಇಟ್ಟಳು. ಒಬ್ಬಳೇ. ಹೆಂಡತಿ ಗಟ್ಟಿಮುಟ್ಟಾಗಿದ್ದರೆ ಖುಷಿಪಡಬೇಕು... ಪಡಲಿಲ್ಲ.

ಜೂನ್ 9
ಸೈಕಲ್ ಹತ್ತಿದರೆ ಸೀಟು ಎರಡು ಬೆರಳು ಕೆಳಗೆ. ದಾನೇಶ್ವರಿಯನ್ನು ಕೇಳಿದೆ. ನಾನು ಮಿಲ್ಲಿಗೆ ಹೋದ ಮೇಲೆ, ಮಗುವನ್ನು ಪಕ್ಕದ ಮನೆಯ ಜಮೀಲಾಬಿಯ ಹತ್ತಿರ ಬಿಟ್ಟು ಕಾಲುವೆಯವರೆಗೆ ಹೊಡೆಯುತ್ತಾಳಂತೆ. ಇಪ್ಪತ್ತೇ ನಿಮಿಷವಂತೆ. ದಿನಾ ಸೀಟು ಮತ್ತೆ ಏರಿಸಿಡುತ್ತಿದ್ದಳು, ನಿನ್ನೆ ಮರೆತಳು. ನಕ್ಕುಬಿಟ್ಟೆ. ಆಮೇಲೆ ಸೀಟು ಏರಿಸಿ ಬಿಗಿಯಾಗಿ ತಿರುಗಿಸಿದೆ.

ಜೂನ್ 17
ತಾಲೀಮು ನಡೆಸುವ ರಹಿಮಾನಸಾಬ ಕಾಕಾ ನನ್ನ ಬೈಠಕ್ ನೋಡಲು ಬಂದಿದ್ದರು. ಬೆನ್ನು ಬಾಗುತ್ತದೆ, ಭಾರ ಇಳಿಸು ಅಂದರು. ಅಷ್ಟರಲ್ಲಿ ಇವಳು ರಾಡ್ ಎತ್ತಿದ್ದು ಅವರ ಕಣ್ಣಿಗೆ ಬಿತ್ತು.
“ಯಾರ ಕಡೆ ಕಲ್ತಿ ಮಗಳ?”
“ಇವರನ್ನ ನೋಡೇ ಕಲ್ತೇನ್ರಿ ಕಾಕಾ.”
“ಹಂಗಾರ ಅವಂಗೂ ಒಂದೀಟು ಕಲಿಸು.”
ಇಬ್ಬರೂ ನಕ್ಕರು. ನಾನೂ ಹಲ್ಲು ಕಿರಿದೆ. ಹೋಗುವಾಗ ನನ್ನೊಬ್ಬನಿಗೇ ಹೇಳಿದರು – ಜುಲೈ ಐದಕ್ಕೆ ನವಲಗುಂದ ರಸ್ತೆಯಲ್ಲಿ ಸೈಕಲ್ ರೇಸ್. ಹೆಣ್ಣುಮಕ್ಕಳದ್ದು ಮೊದಲು, ಗಂಡಸರದ್ದು ಆಮೇಲೆ. ಒಂದೇ ಸೈಕಲ್ ಇಬ್ಬರಿಗೂ ಸಾಲುತ್ತದೆ, ದಾನೇಶ್ವರಿಗೂ ಹೇಳು ಅಂದರು.

ಜೂನ್ 25
ಹೇಳಲಿಲ್ಲ. ಹೆಸರು ಕೊಡಲು ಇವತ್ತೇ ಕೊನೆ. ನನ್ನದು ಕೊಟ್ಟೆ. ಕಾಕಾ ಕೇಳಿದರು, ಅವಳಿಗೆ ಮನಸ್ಸಿಲ್ಲ ಅಂದೆ. ಅವಳು ಗೆದ್ದು ನಾನು ಸೋತರೆ... ಮಿಲ್ಲಿನಲ್ಲಿ ತಲೆ ಎತ್ತಿ ತಿರುಗುವುದು ಹೇಗೆ?

ಜುಲೈ 3
ಎರಡು ದಿನದಿಂದ ಹಾಸಿಗೆಯಲ್ಲಿದ್ದೇನೆ. ಅವಳಿಗಿಂತ ಹೆಚ್ಚು ಎತ್ತಲೇಬೇಕೆಂಬ ಹಟ. ಸೈಕಲ್ ಹೊಡೆದು ಸೋತ ಕಾಲಲ್ಲೇ ಇನ್ನೆರಡು ಡಬ್ಬಿ ಸೇರಿಸಿ ಎತ್ತಿದೆ. ಸೊಂಟ ಹಿಡಿಯಿತು. ರೇಸ್ ಹೋಯಿತು.
ಕಾಕಾ ನೋಡಲು ಬಂದರು. ದಾನೇಶ್ವರಿ ನನ್ನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು.
“ನೀನರ ಹೆಸರ ಕೊಡಬೇಕಾಗಿತ್ತು ಮಗಳ. ಮನಸ್ಸಿಲ್ಲ ಅಂದ್ಯಂತ.”
ತಿಕ್ಕುವ ಕೈ ನಿಂತಿತು. ಬೋರಲು ಮಲಗಿದ್ದೆ, ಅವಳ ಮುಖ ಕಾಣಲಿಲ್ಲ.
“ಹೌದ್ರಿ ಕಾಕಾ. ಮನಸ್ಸಿರಲಿಲ್ಲ.”
ಮತ್ತೆ ತಿಕ್ಕತೊಡಗಿದಳು. ಕಾಕಾ ಹೋದ ಮೇಲೆ ಎಣ್ಣೆ ಬಟ್ಟಲು ಎತ್ತಿಟ್ಟು ಒಲೆ ಹೊತ್ತಿಸಲು ಹೋದಳು. ಬೈದಿದ್ದರೆ ವಾಸಿಯಿತ್ತು.

ಜುಲೈ 5, ಬೆಳಿಗ್ಗೆ
ಬೆಳಕು ಹರಿಯುವಾಗ ಮಗುವನ್ನು ತಂದು ನನ್ನ ಪಕ್ಕ ಮಲಗಿಸಿದಳು. “ಇವತ್ತಿನ ತಾಸು ನಂದ್ರಿ. ಇದನ್ನ ನೋಡ್ಕೋರಿ,” ಅಂದಳು. ಸೈಕಲ್ ತೆಗೆದುಕೊಂಡು ಗದಗ ರಸ್ತೆಗೆ ಹೋದಳು. ರೇಸಿಗಲ್ಲ, ಅಲ್ಲಿ ಅವಳ ಹೆಸರೇ ಇಲ್ಲವಲ್ಲ.
ತಾಸು ಮುಗಿಯಿತು. ಇನ್ನೂ ಬಂದಿಲ್ಲ. ನಾನು ಅಷ್ಟು ಹೊತ್ತಿನಲ್ಲಿ ಹುಲಕೋಟಿ ಮುಟ್ಟಿ ಬರುತ್ತೇನೆ. ಅವಳು ಅಷ್ಟು ದೂರ ಹೋಗಿರಲಿಕ್ಕಿಲ್ಲ... ಹೋಗಿರಬಾರದು.
ಬಂದ ಕೂಡಲೇ ತಪ್ಪಾಯಿತು ಅನ್ನಬೇಕು. ರೇಸಿನ ಸುದ್ದಿ ಬೇಕಂತಲೇ ಮುಚ್ಚಿಟ್ಟೆ ಅನ್ನಬೇಕು. ಬೇರೆ ಏನನ್ನೂ ಕೇಳಬಾರದು.

7.20
ಬಂದಳು. ಮೈಯೆಲ್ಲ ಬೆವರು. ನನ್ನ ಬಾಯಿಂದ ಮೊದಲು ಬಂದದ್ದು – “ಹುಲಕೋಟಿ ದಾಟಿದ್ಯೇನು?”
ಹೂಂ ಅಂದಳು. ದಾಟಿ ಇನ್ನೂ ಮುಂದೆ ಹೋಗಿದ್ದಳಂತೆ. ತಪ್ಪಾಯಿತು ಅನ್ನುವುದು ಇನ್ನೂ ಬಾಕಿ ಇದೆ.